ಹಾಡು ಹಿಟ್, ಹೆಸರು ಮಿಸ್!

ಐಪಿಎಲ್ ಬಂದರೆ ಕಪ್ ಯಾರಿಗೆ ಅಂತ ಊರೆಲ್ಲ ಲೆಕ್ಕ ಹಾಕುತ್ತದೆ. ಚುನಾವಣೆ ಬಂದರೆ ಅರಳಿಕಟ್ಟೆಯಲ್ಲೇ ಎಕ್ಸಿಟ್ ಪೋಲ್ ನಡೆಯುತ್ತದೆ. ನಮ್ಮಂಥ ಹಾಡಿನ ಹುಚ್ಚರಿಗೂ ಒಂದು ಸೀಸನ್ ಇದೆ. ಅದು ಪ್ರಶಸ್ತಿಗಳ ಸೀಸನ್. ಗ್ರ್ಯಾಮಿ ಯಾರಿಗೆ, ರಾಷ್ಟ್ರಪ್ರಶಸ್ತಿ ಯಾವ ಹಾಡಿಗೆ, ಸೈಮಾದಲ್ಲಿ ಯಾರ ಹೆಸರು ಕೂಗುತ್ತಾರೆ ಅಂತ ವಾರಗಟ್ಟಲೆ ವಾದ ಮಾಡುತ್ತೇವೆ. ಇಂಟರ್ನಲ್ಸ್ ಮಾರ್ಕ್ಸ್ ಎಷ್ಟು ಬರುತ್ತದೆ ಅನ್ನುವುದಕ್ಕೂ ನಾವು ಇಷ್ಟು ತಲೆ ಕೆಡಿಸಿಕೊಂಡಿಲ್ಲ ಬಿಡಿ.

ನಮ್ಮ ಗೆಳೆಯರ ಬಳಗದಲ್ಲಿ ಇದಕ್ಕೆಂದೇ ಒಂದು ನೋಟ್‌ಬುಕ್ ಇದೆ. ಉಳಿದವರು ಭವಿಷ್ಯ ಹೇಳುತ್ತಾರೆ, ಬರೆದಿಡುವುದು ನನ್ನ ಕೆಲಸ. ಗೆದ್ದವರಿಗೆ ಒಂದು ಪ್ಲೇಟ್ ಮಂಡಕ್ಕಿ–ಮಿರ್ಚಿ. 2024ರ ಆಗಸ್ಟ್ 16ರಂದು 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದ ದಿನ ಆ ಪುಟದ ತುಂಬ ಒಂದೇ ಹೆಸರಿತ್ತು: ‘ಕಾಂತಾರ’. ‘ಸಂಗೀತನೂ ನಮ್ದ, ಸಿಂಗರೂ ನಮ್ಮವರ. ಬರದಿಟ್ಕೋಲೇ’ ಅಂತ ಒಬ್ಬ ಟೇಬಲ್ ಕುಟ್ಟಿ ಹೇಳಿದ್ದ. ಫಲಿತಾಂಶ ಬಂದಾಗ ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದರು. ಅತ್ಯುತ್ತಮ ಮನರಂಜನಾ ಚಿತ್ರದ ಪ್ರಶಸ್ತಿಯೂ ‘ಕಾಂತಾರ’ಕ್ಕೇ ಸಿಕ್ಕಿತು. ಆದರೆ ಹಾಡುಗಳ ಸಂಗೀತಕ್ಕೆ ‘ಬ್ರಹ್ಮಾಸ್ತ್ರ’ದ ಪ್ರೀತಮ್, ಹಿನ್ನೆಲೆ ಸಂಗೀತಕ್ಕೆ ‘ಪೊನ್ನಿಯಿನ್ ಸೆಲ್ವನ್–1’ರ ಎ.ಆರ್. ರೆಹಮಾನ್, ಗಾಯನಕ್ಕೆ ಅರಿಜಿತ್ ಸಿಂಗ್ ಮತ್ತು ಬಾಂಬೆ ಜಯಶ್ರೀ ಆಯ್ಕೆಯಾದರು. ಆ ದಿನ ಮಿರ್ಚಿ ಯಾರಿಗೂ ಸಿಗಲಿಲ್ಲ.

ಅಂದು ಗೆಳೆಯರು ‘ಲಾಬಿ’ ಅಂತ ಬೈದು ಮಲಗಿದರು. ನನಗೆ ಮಾತ್ರ ಹಳೆಯ ಪಟ್ಟಿಗಳನ್ನು ನೋಡುವ ಆಸೆಯಾಯಿತು. ಕನ್ನಡದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಯಾವಾಗ, ಯಾವುದಕ್ಕೆ? 1976ರ ‘ಋಷ್ಯಶೃಂಗ’ ಮತ್ತು 1977ರ ‘ಘಟಶ್ರಾದ್ಧ’ಕ್ಕೆ ಬಿ.ವಿ. ಕಾರಂತರು ಸಂಗೀತ ನಿರ್ದೇಶನದ ಪ್ರಶಸ್ತಿ ಪಡೆದರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ 1978ರ ಸಾಲಿನ ಗಾಯನ ಪ್ರಶಸ್ತಿ ಪಡೆದರು. 1992ರ ‘ಜೀವನ ಚೈತ್ರ’ದ ಹಾಡಿಗೆ ಡಾ. ರಾಜ್‌ಕುಮಾರ್ ಅತ್ಯುತ್ತಮ ಗಾಯಕರಾದರು. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಸಂಗೀತ ನಿರ್ದೇಶಕ ಹಂಸಲೇಖ, ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ಗೆದ್ದರು. ಆ ಚಿತ್ರ ನಮ್ಮ ಪಕ್ಕದ ಗದಗಿನ ಗವಾಯಿಗಳ ಕಥೆ. 2018ರ ‘ನಾತಿಚರಾಮಿ’ಗೆ ಬಿಂದುಮಾಲಿನಿ ಅತ್ಯುತ್ತಮ ಗಾಯಕಿಯಾದರು.

ಈ ಪಟ್ಟಿಯನ್ನು ಒಂದು ಕಡೆ ಬರೆದು ನೋಡಿದರೆ ಪ್ಯಾಟರ್ನ್ ತಾನಾಗಿ ಕಾಣುತ್ತದೆ. ಕೆಲವು ಪ್ರಯೋಗಶೀಲ ಸಿನಿಮಾದವು, ಕೆಲವು ಶಾಸ್ತ್ರೀಯ ರಾಗದ ಬೇರಿರುವ ಹಾಡುಗಳು. ರಾಜಣ್ಣನ ಹಾಡು ಹಿಟ್ ಕೂಡ ಆಗಿತ್ತು, ಆದರೆ ಅದರ ಜೀವ ಇರುವುದು ರಾಗದಲ್ಲೇ. ಆರ್ಕೆಸ್ಟ್ರಾದಲ್ಲಿ ಸೀಟಿ ಹೊಡೆಸಿಕೊಳ್ಳುವ ಡ್ಯಾನ್ಸ್ ಹಾಡು ಈ ಸಾಲಿನಲ್ಲಿ ಒಂದೂ ಇಲ್ಲ. ಯೂಟ್ಯೂಬ್ ವ್ಯೂಸ್ ನೋಡಿ ಜ್ಯೂರಿಯ ಮನಸ್ಸು ಹೇಳುವುದು ಅಂದರೆ ಥರ್ಮಾಮೀಟರ್ ಹಿಡಿದು ತೂಕ ನೋಡಿದ ಹಾಗೆ. ಎರಡೂ ಅಳತೆಗಳೇ, ಆದರೆ ಅಳೆಯುವುದು ಬೇರೆ ಬೇರೆ. ಅದೇ ‘ಕಾಂತಾರ’ದ ಸಂಗೀತಕ್ಕೆ ಅಜನೀಶ್ ಲೋಕನಾಥ್ 2023ರಲ್ಲಿ ಸೈಮಾ ಪ್ರಶಸ್ತಿ ಪಡೆದಿದ್ದರು. ರಾಜ್ಯ ಪ್ರಶಸ್ತಿಯ ಭವಿಷ್ಯ ಹೇಳಲು ಮಾತ್ರ ಬೇರೆಯೇ ತಾಳ್ಮೆ ಬೇಕು. 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಒಬ್ಬ ಹುಡುಗ ಪಿಯುಸಿ ಸೇರಿ, ಬಿಇಯನ್ನೂ ಮುಗಿಸುತ್ತಾ ಬಂದಿರುತ್ತಾನೆ!

ಹೊರದೇಶದಲ್ಲೂ ಇದೇ ಕಥೆ. ಗ್ರ್ಯಾಮಿಗೆ ಮತ ಹಾಕುವವರು ಅಭಿಮಾನಿಗಳಲ್ಲ, ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರಾದ ಸಂಗೀತಗಾರರು, ತಂತ್ರಜ್ಞರು. ಬಿಯಾನ್ಸೆ ಅಷ್ಟೊಂದು ಗ್ರ್ಯಾಮಿ ಗೆದ್ದರೂ ‘ವರ್ಷದ ಆಲ್ಬಂ’ ಪ್ರಶಸ್ತಿ ಅವರಿಗೆ ಸಿಕ್ಕಿದ್ದು 2025ರಲ್ಲಿ, ‘ಕೌಬಾಯ್ ಕಾರ್ಟರ್’ಗೆ. ಅದಕ್ಕೂ ಮೊದಲು ಅವರ ನಾಲ್ಕು ಆಲ್ಬಂಗಳು ಆ ಸುತ್ತಿಗೆ ಬಂದು ಸೋತಿದ್ದವು. ಪ್ರತಿ ಸಲವೂ ಅಭಿಮಾನಿಗಳು ‘ಈ ಸಲ ಪಕ್ಕಾ’ ಅಂದಿದ್ದರು. ಇತ್ತ ನಮ್ಮ ಬೆಂಗಳೂರಿನ ರಿಕ್ಕಿ ಕೇಜ್ 2015, 2022 ಮತ್ತು 2023ರಲ್ಲಿ ಮೂರು ಗ್ರ್ಯಾಮಿ ತಂದರು. ಅವರು ಡೆಂಟಲ್ ಓದಿದವರು ಅನ್ನುವುದು ನಮ್ಮಂಥ ಬಿಇ ಹುಡುಗರಿಗೆ ಸ್ವಲ್ಪ ಧೈರ್ಯ ಕೊಡುವ ವಿಷಯ. ನಮ್ಮ ನೋಟ್‌ಬುಕ್ಕಿನ ಯಾವ ಪುಟದಲ್ಲೂ ಅವರ ಹೆಸರಿರಲಿಲ್ಲ. ನ್ಯೂ ಏಜ್ ಅನ್ನುವ ವಿಭಾಗವೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ನಾವು ದಿನವೂ ಅತಿ ಹೆಚ್ಚು ಕೇಳುವ ಹಾಡುಗಳು ಈ ಯಾವ ಪಟ್ಟಿಯಲ್ಲಿವೆ?

ನಮ್ಮೂರು ಸಿದ್ದಾಪುರ. ಗಂಗಾವತಿ–ಕಾರಟಗಿ ನಡುವಿನ ಭತ್ತದ ಸೀಮೆ. ಟಿಬಿ ಡ್ಯಾಮಿನ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ರಸ್ತೆ ತುಂಬ ಟ್ರ್ಯಾಕ್ಟರುಗಳು. ಟ್ರ್ಯಾಕ್ಟರ್ ಅಂದ ಮೇಲೆ ಸೌಂಡ್ ಬಾಕ್ಸ್ ಇರಲೇಬೇಕು. ಸುತ್ತಮುತ್ತ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ. ಹೀಗಾಗಿ ಒಂದೇ ಪೆನ್‌ಡ್ರೈವಿನಲ್ಲಿ ಉತ್ತರ ಕರ್ನಾಟಕದ ಜಾನಪದ, ತೆಲುಗು ಮಾಸ್ ಸಾಂಗ್, ಅದರ ಬೆನ್ನಿಗೆ ಭಜನೆ ಪದ ಎಲ್ಲವೂ ಒಂದೇ ಬೀಟಿನ ಮೇಲೆ ಓಡುತ್ತವೆ. ಗಣಪತಿ ಕಳಿಸುವಾಗ, ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಕುಣಿಸುವುದು ಈ ಡಿಜೆ ಮಿಕ್ಸ್‌ಗಳೇ. ‘ರ‍್ಯಾಂಬೋ 2’ರ ‘ಚುಟು ಚುಟು’ ಹಾಡನ್ನು ನಾನು ಸಿನಿಮಾದಲ್ಲಿ ಒಂದು ಸಲ ಕೇಳಿದ್ದರೆ, ಮಿಕ್ಸ್‌ಗಳಲ್ಲಿ ನೂರು ಸಲ ಕೇಳಿದ್ದೇನೆ.

‘ಮಿಕ್ಸ್ ಅಂದ್ರೇನು, ಬೇರೆಯವರ ಹಾಡಿಗೆ ಬಾಸ್ ಹಾಕೋದು’ ಅಂತ ಹಗುರವಾಗಿ ಮಾತನಾಡುವವರಿದ್ದಾರೆ. ಎಲೆಕ್ಟ್ರಾನಿಕ್ಸ್ ಓದುವವನಾಗಿ ನಾನು ಅದನ್ನು ಒಪ್ಪುವುದಿಲ್ಲ. ನಿಮಿಷಕ್ಕೆ 90 ಬೀಟ್ ಇರುವ ಜಾನಪದ ಹಾಡನ್ನು 100ಕ್ಕೆ ಏರಿಸಬೇಕು ಅಂದುಕೊಳ್ಳಿ. ಸುಮ್ಮನೆ ವೇಗ ಹೆಚ್ಚಿಸಿದರೆ ಶ್ರುತಿಯೂ ಹೆಚ್ಚುಕಡಿಮೆ ಎರಡು ಸ್ವರಸ್ಥಾನ ಮೇಲೇರುತ್ತದೆ, ಗಂಡಸಿನ ದನಿ ಹುಡುಗನ ದನಿಯಾಗುತ್ತದೆ. ದನಿ ಕೆಡದಂತೆ ವೇಗ ಮಾತ್ರ ಬದಲಿಸಲು ಸಾಫ್ಟ್‌ವೇರ್ ಹಾಡನ್ನು ಚೂರು ಚೂರು ಮಾಡಿ ಮತ್ತೆ ಜೋಡಿಸುತ್ತದೆ. ‘ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್’ ಪೇಪರಿನಲ್ಲಿ ನಮ್ಮ ಬೆವರಿಳಿಸುವ ಫೊರಿಯರ್ ಗಣಿತವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನು ಬಾಸ್. 50 ಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅಂಥ ಅಲೆಯನ್ನು ಮನೆಯ ಗೋಡೆ ತಡೆಯುವುದು ಕಷ್ಟ. ಟ್ರ್ಯಾಕ್ಟರ್ ಇನ್ನೂ ಕಾಣದಿರುವಾಗಲೇ ಅಡುಗೆಮನೆಯ ತಟ್ಟೆ ನಡುಗುವುದು ಇದಕ್ಕೇ. ಸಾಹಿತ್ಯ ಕೇಳಬೇಕು, ಎದೆಯೂ ಗುದ್ದಬೇಕು, ಸ್ಪೀಕರ್ ಸುಡಬಾರದು. ಈ ಮೂರನ್ನೂ ಸಂಭಾಳಿಸುವುದಕ್ಕೆ ಕಿವಿ ಬೇಕು, ಲೆಕ್ಕವೂ ಬೇಕು.

ಮಿಕ್ಸ್ ಮಾಡುವವರಿಗೆ ಜಗತ್ತು ಮರ್ಯಾದೆ ಕೊಟ್ಟಿದೆ ಕೂಡ. ಹಾಡಿನಿಂದ ದನಿ ತೆಗೆದು ಡ್ರಮ್ ಮತ್ತು ಬಾಸ್ ಮಾತ್ರ ಉಳಿಸಿ ಹೊಸ ಸಂಗೀತವನ್ನೇ ಕಟ್ಟಿದ ಜಮೈಕಾದ ಕಿಂಗ್ ಟಬ್ಬಿ ವೃತ್ತಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಷಿಕಾಗೋದಲ್ಲಿ ಹೆಸರು ಮಾಡಿದ ಡಿಜೆ ಫ್ರಾಂಕಿ ನಕಲ್ಸ್ 1998ರಲ್ಲಿ ರೀಮಿಕ್ಸರ್‌ಗಳಿಗೆಂದೇ ಇಟ್ಟ ಗ್ರ್ಯಾಮಿ ಪಡೆದರು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ನಮ್ಮ ರಸೂಲ್ ಪೂಕುಟ್ಟಿ ಇಬ್ಬರು ಸಂಗಡಿಗರ ಜೊತೆ ಆಸ್ಕರ್ ತಂದದ್ದು ‘ಸೌಂಡ್ ಮಿಕ್ಸಿಂಗ್’ ವಿಭಾಗದಲ್ಲೇ. ಪ್ಲೇಸ್‌ಮೆಂಟ್ ಅಂದರೆ ಸಾಫ್ಟ್‌ವೇರ್ ಕಂಪನಿ ಒಂದೇ ಅಂದುಕೊಂಡ ನಮಗೆ ಹೀಗೂ ಒಂದು ದಾರಿ ಇದೆ ಅನ್ನುವುದು ಗೊತ್ತಿರಬೇಕು.

ಆದರೆ ಆ ದಾರಿಯಲ್ಲಿ ಒಂದು ವಸ್ತು ಇಲ್ಲದೆ ನಡೆಯುವುದಿಲ್ಲ. ಅದು ಹೆಸರು. ಯಾರು ಏನು ಮಾಡಿದರು ಅನ್ನುವ ದಾಖಲೆ.

ಇದಕ್ಕೆ ಕನ್ನಡದ್ದೇ ಉದಾಹರಣೆ ಇದೆ. 2022ರ ಜುಲೈನಲ್ಲಿ ಪ್ರಕಟವಾದ 68ನೇ ರಾಷ್ಟ್ರಪ್ರಶಸ್ತಿಯಲ್ಲಿ ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಹಳ್ಳಿಯ ಡೊಳ್ಳು ತಂಡದ ಹುಡುಗರು ಕೆಲಸ ಹುಡುಕಿ ಪಟ್ಟಣ ಸೇರುವ ಕಥೆ ಅದು, ನಮ್ಮದೇ ಕಥೆ. ಅದೇ ಚಿತ್ರಕ್ಕೆ ಚಿತ್ರೀಕರಣದ ಸ್ಥಳದಲ್ಲೇ ಶಬ್ದ ದಾಖಲಿಸುವವರಿಗೆ ಕೊಡುವ ಪ್ರಶಸ್ತಿಯೂ ಬಂತು. ಆಗ ಚಿತ್ರದ ಸೌಂಡ್ ಡಿಸೈನರ್ ನಿತಿನ್ ಲೂಕೋಸ್ ಮುಂದೆ ಬಂದು, ಇದು ಸ್ಥಳದಲ್ಲಿ ದಾಖಲಿಸಿದ ಶಬ್ದದ ಸಿನಿಮಾ ಅಲ್ಲ, ಸ್ಟುಡಿಯೊದಲ್ಲಿ ಡಬ್ ಆದದ್ದು ಅಂತ ಹೇಳಿದರು. ರಸೂಲ್ ಪೂಕುಟ್ಟಿ ಕೂಡ ಅದನ್ನು ಎತ್ತಿ ಹೇಳಿದರು. ದೇಶದ ದೊಡ್ಡ ಪ್ರಶಸ್ತಿಯಲ್ಲೇ ಶಬ್ದದ ಕೆಲಸ ಯಾರದು, ಎಲ್ಲಿಯದು ಅನ್ನುವುದು ಹೀಗೆ ಗೊಂದಲವಾದರೆ ಪೆನ್‌ಡ್ರೈವಿನ ಹಾಡಿನ ಗತಿ ಏನು?

ನಮ್ಮ ಕಡೆಯ ಡಿಜೆ ಮಿಕ್ಸ್‌ಗಳನ್ನು ಗಮನವಿಟ್ಟು ಕೇಳಿದ್ದೀರಾ? ಶುರುವಿನಲ್ಲಿ ಒಂದು ಗಡಸು ದನಿ ಡಿಜೆಯ ಹೆಸರು ಕೂಗುತ್ತದೆ. ನಡುವೆ ಮತ್ತೆ ಎರಡು ಸಲ, ಕೊನೆಗೆ ಇನ್ನೊಂದು ಸಲ. ಅದೇ ಹಾಡಿನಲ್ಲಿ ಹಾಡಿದವರ ಹೆಸರು ಒಮ್ಮೆಯೂ ಇರುವುದಿಲ್ಲ, ಪದ ಕಟ್ಟಿದವರ ಹೆಸರಂತೂ ಕೇಳಲೇಬೇಡಿ. ಫೈಲಿನ ಹೆಸರು ‘ಫುಲ್ ಬಾಸ್ ಸೌಂಡ್ ಚೆಕ್ 7’ ಅಂತ ಇರುತ್ತದೆ.

ಹೋದ ಜಾತ್ರೆಯಲ್ಲಿ ಒಂದು ಹಾಡು ಬಂದಾಗ ನಮ್ಮಜ್ಜಿ ಕಟ್ಟೆಯ ಮೇಲೆ ಕೂತೇ ಮುಂದಿನ ಸಾಲನ್ನು ಗುನುಗಿದರು. ಆ ಪದ ಅವರ ತವರಿನಲ್ಲಿ ಬೀಸುವಾಗ ಹಾಡುತ್ತಿದ್ದದ್ದಂತೆ. ಮಿಕ್ಸಿನಲ್ಲಿ ಹಾಡಿದ್ದ ಹೆಣ್ಣುಮಗಳ ದನಿ ಬಹಳ ಚೆನ್ನಾಗಿತ್ತು. ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದ ಅಣ್ಣನ ಹತ್ತಿರ ಹೋಗಿ, ‘ಅಣ್ಣಾ, ಇದನ್ನ ಹಾಡ್ಯಾರ ಯಾರು?’ ಅಂತ ಕೇಳಿದೆ.

‘ಯಾರಿಗ್ ಗೊತ್ತೋ ತಮ್ಮಾ. ವಾಟ್ಸ್‌ಆ್ಯಪ್‌ನ್ಯಾಗ ಬಂದಿತ್ತು, ಬೀಟ್ ಹಾಕೀನಿ. ಚಲೋ ಬಂದೈತಿ ಹೌದಿಲ್ಲ?’

ಚಲೋ ಬಂದಿತ್ತು, ಸುಳ್ಳಲ್ಲ. ಆ ಅಣ್ಣ ಹಗಲು ಮೊಬೈಲ್ ರಿಪೇರಿ ಮಾಡಿ, ರಾತ್ರಿ ಹಳೆಯ ಲ್ಯಾಪ್‌ಟಾಪಿನಲ್ಲಿ ಮಿಕ್ಸ್ ಮಾಡುತ್ತಾನೆ. ಯಾರೂ ಕಲಿಸದೆ ಕಲಿತವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಾಡಿದ ಆ ತಾಯಿಗೆ ತನ್ನ ದನಿಗೆ ಸಾವಿರ ಜನ ಕುಣಿದದ್ದು ಗೊತ್ತೇ ಇಲ್ಲ. ಮುಂದಿನ ಕಾರ್ಯಕ್ರಮಕ್ಕೆ ಅವರನ್ನು ಕರೆಯೋಣ ಅಂದರೂ ಯಾರನ್ನು ಅಂತ ಕರೆಯುವುದು? ಕಾನೂನೇನೋ ಇದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಹಾಡಿದವರಿಗೆ ತಮ್ಮ ಹಾಡಿನ ಜೊತೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಹೆಸರೇ ಗೊತ್ತಿಲ್ಲದವರು ಯಾವ ಕೋರ್ಟಿಗೆ ಹೋಗುತ್ತಾರೆ?

ಹೆಸರು ಉಳಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಕೊಪ್ಪಳದ ಮೋರನಾಳ ಗ್ರಾಮದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಜೀವನವಿಡೀ ತೊಗಲುಗೊಂಬೆ ಆಡಿಸುತ್ತ ರಾಮಾಯಣ, ಮಹಾಭಾರತ ಹೇಳಿದವರು. ಯಾವ ನೋಟ್‌ಬುಕ್ಕಿನ ಭವಿಷ್ಯದಲ್ಲೂ ಅವರಿರಲಿಲ್ಲ. ಆದರೆ ಆ ಗೊಂಬೆಗಳ ಹಿಂದೆ ಕೂತವರು ಭೀಮವ್ವ ಅನ್ನುವುದು ಜನಕ್ಕೆ ಗೊತ್ತಿತ್ತು. ಅದಕ್ಕೇ ತಡವಾಗಿಯಾದರೂ ಪ್ರಶಸ್ತಿ ಅವರ ಮನೆ ಹುಡುಕಿಕೊಂಡು ಬಂತು. ಪರದೆಯ ಹಿಂದಿನವರು ಯಾರು ಅಂತ ಗೊತ್ತಿಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕಿತ್ತು?

ಈಗ ನಮ್ಮ ಪುಸ್ತಕದಲ್ಲಿ ಎರಡು ಹೊಸ ಕಾಲಂ ಹಾಕಿದ್ದೇನೆ. ಒಂದು, ‘ಈ ಪ್ರಶಸ್ತಿ ಕೊಡುವವರು ಯಾರು, ಏನು ನೋಡಿ ಕೊಡುತ್ತಾರೆ’. ಇದನ್ನು ತುಂಬದೆ ಭವಿಷ್ಯ ಹೇಳುವ ಹಾಗಿಲ್ಲ. ಇನ್ನೊಂದು, ‘ಬರೆದವರು, ಹಾಡಿದವರು, ಮಿಕ್ಸ್ ಮಾಡಿದವರು’. ಮೂರೂ ಹೆಸರು ಗೊತ್ತಿಲ್ಲದ ಹಾಡಿನ ಪರ ವಾದ ಮಾಡಬಾರದು ಅನ್ನುವುದು ರೂಲ್. ಗೆಳೆಯರು ‘ಇದೇನಲೇ, ವೈವಾ ಇದ್ದಂಗ ಐತಿ’ ಅಂತ ನಗುತ್ತಾರೆ, ಆದರೂ ಹುಡುಕುತ್ತಾರೆ. ಹುಡುಕುತ್ತ ಹೋದ ಹಾಗೆ ಒಂದೊಂದು ಹಾಡಿನ ಹಿಂದೆ ಎಷ್ಟು ಜನರ ದುಡಿಮೆ ಇದೆ ಅನ್ನುವುದೂ ತಿಳಿಯುತ್ತದೆ.

ಡಿಜೆ ಅಣ್ಣನಿಗೂ ಒಂದು ಮಾತು ಹೇಳಿ ಬಂದಿದ್ದೇನೆ. ಮಿಕ್ಸಿನಲ್ಲಿ ನಿನ್ನ ಹೆಸರು ನಾಲ್ಕು ಸಲ ಬರಲಿ, ಬೇಡ ಅನ್ನುವುದಿಲ್ಲ. ಅದರ ಜೊತೆ ಹಾಡಿದವರ ಹೆಸರು ಒಂದು ಸಲ ಬರಲಿ, ಐದು ಸೆಕೆಂಡ್ ಸಾಕು. ‘ನೋಡೂನು ತಮ್ಮಾ’ ಅಂದಿದ್ದಾನೆ.

ನೀವೂ ನಿಮ್ಮ ಫೋನಿನಲ್ಲಿರುವ ಒಂದು ಡಿಜೆ ಹಾಡು ತೆಗೆಯಿರಿ. ಹಾಡಿದವರು ಯಾರು ಅಂತ ಗೊತ್ತಿಲ್ಲದಿದ್ದರೆ ಕಳಿಸಿದವರನ್ನು ಕೇಳಿ, ಅವರಿಗೆ ಕಳಿಸಿದವರನ್ನು ಕೇಳಿಸಿ. ಹೆಸರು ಸಿಕ್ಕರೆ ಫೈಲಿಗೆ ಆ ಹೆಸರಿಟ್ಟು ಮುಂದಕ್ಕೆ ಕಳಿಸಿ. ಮುಂದಿನ ಪ್ರಶಸ್ತಿ ಯಾರಿಗೆ ಅಂತ ಆಮೇಲೆ ಜಗಳ ಆಡೋಣ.