ನಾಯಿಯ ಊಟ: ಚೀಲದ ಹಿಂಬದಿ ಓದಿ ಕೊಳ್ಳಿರಿ

ಮನೆಗೆ ನಾಯಿಮರಿ ಬಂದಿತೆಂದರೆ ಮೊದಲ ದಿನ ಅದರ ಹೆಸರಿನ ಚರ್ಚೆ; ಎರಡನೆಯ ದಿನದಿಂದ ಅದರ ಊಟದ ಚರ್ಚೆ. ಅನ್ನ ಮೊಸರು ಸಾಕೆಂದು ಅಜ್ಜಿಯ ವಾದ. ಅಂಗಡಿಯ ಒಣ ಆಹಾರವೇ ಆಗಬೇಕೆಂದು ಮಕ್ಕಳ ಹಟ. ಕೊನೆಗೆ ಮನೆಯ ಯಜಮಾನರು ಅಂಗಡಿಯ ಮುಂದೆ ನಿಲ್ಲುತ್ತಾರೆ. ಎದುರಿಗೆ ಸಾಲುಸಾಲಾಗಿ ಬಣ್ಣದ ಚೀಲಗಳು. ಒಂದೊಂದರ ಮೇಲೂ ಮಿರುಗುವ ಮೈಯ ನಾಯಿಯ ಚಿತ್ರ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ತಿನ್ನುವ ಜೀವವಂತೂ ತನಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಆಯ್ಕೆಯ ಹೊಣೆಯೆಲ್ಲ ಸಾಕಿದವರದು.

ಹಡಗಿನ ಬಿಸ್ಕತ್ತಿನಿಂದ

ಈ ಆಹಾರದ ಕಥೆ ಆರಂಭವಾದುದು ಲಂಡನ್ನಿನಲ್ಲಿ. 1860ರ ಸುಮಾರಿಗೆ ಅಲ್ಲಿಗೆ ಹೋದ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದ ವ್ಯಾಪಾರಿ, ನಾವಿಕರ ಗಟ್ಟಿ ಬಿಸ್ಕತ್ತುಗಳನ್ನು ಬಂದರಿನ ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡನೆಂದು ಪ್ರತೀತಿ. ಗೋಧಿಹಿಟ್ಟು, ತರಕಾರಿ, ಮಾಂಸಗಳನ್ನು ಬೆರೆಸಿ ಅವನು ನಾಯಿಗಳಿಗಾಗಿಯೇ ಬಿಸ್ಕತ್ತು ಮಾಡಿ ಮಾರಿದನು. ಅವನ ಸಂಸ್ಥೆಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಶ್ವಾನಪ್ರದರ್ಶನವನ್ನು ಆರಂಭಿಸಿದನು. ಇಂದಿನ ಗುಂಡುಗುಂಡಾದ ಆಹಾರ ಬಳಕೆಗೆ ಬಂದುದು 1950ರ ದಶಕದಲ್ಲಿ. ಧಾನ್ಯ, ಮಾಂಸದ ಪುಡಿಗಳ ಕಣಕವನ್ನು ಶಾಖ ಮತ್ತು ಒತ್ತಡದಲ್ಲಿ ಬೇಯಿಸಿ, ಚಕ್ಕುಲಿಯ ಒರಳಿನಿಂದ ಹಿಟ್ಟನ್ನು ಒತ್ತುವಂತೆ ಅಚ್ಚಿನ ಮೂಲಕ ಹೊರದೂಡಿ, ತುಂಡರಿಸಿ, ಒಣಗಿಸಿ, ಮೇಲೆ ಕೊಬ್ಬನ್ನು ಸವರುತ್ತಾರೆ.

ಚೀಲದಲ್ಲಿ ನೋಡಬೇಕಾದುದೇನು?

ಮೊದಲು ನೋಡಬೇಕಾದುದು, ಅದು ‘ಸಂಪೂರ್ಣ ಆಹಾರ’ವೇ, ಬರಿಯ ತಿಂಡಿಯೇ ಎಂಬುದನ್ನು. ಅನಂತರ ಅದು ಮರಿಗೋ, ಬೆಳೆದ ನಾಯಿಗೋ ಎಂಬುದನ್ನು. ಅಮೆರಿಕದಲ್ಲಿ ರೂಢಿಯಲ್ಲಿರುವ ಮಾನದ ಪ್ರಕಾರ, ತೇವಾಂಶವನ್ನು ಕಳೆದ ಲೆಕ್ಕದಲ್ಲಿ, ಬೆಳೆದ ನಾಯಿಯ ಆಹಾರದಲ್ಲಿ ನೂರಕ್ಕೆ 18 ಪಾಲು, ಮರಿಯದರಲ್ಲಿ 22.5 ಪಾಲು ಪ್ರೋಟೀನು ಇರಲೇಬೇಕು. ಚೀಲದ ಮೇಲೆ ತೇವಾಂಶ 10, ಪ್ರೋಟೀನು 20 ಎಂದಿದ್ದರೆ, ಒಣ ತೂಕದಲ್ಲಿ ಪ್ರೋಟೀನು ಸುಮಾರು 22.2 ಆಯಿತು. ಬೆಳೆದ ನಾಯಿಗೆ ಅದು ಧಾರಾಳ. ಮರಿಗೆ ಕೂದಲೆಳೆಯಷ್ಟು ಕಡಮೆ.

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ‘ಕೋಳಿಮಾಂಸ’ ಮೊದಲಿಗಿದೆಯೆಂದು ಹಿಗ್ಗುವಂತಿಲ್ಲ. ಹಸಿಮಾಂಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಒಣಗಿದ ಮೇಲೆ ಉಳಿಯುವುದೆಷ್ಟು ಎಂಬುದನ್ನೂ ಯೋಚಿಸಬೇಕು.

‘ಧಾನ್ಯವಿಲ್ಲದ್ದು’ ಎಂಬ ಹೆಗ್ಗಳಿಕೆಗೂ ಮರುಳಾಗಬೇಕಾಗಿಲ್ಲ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಹೆಚ್ಚೆಂದು 1913ರಲ್ಲಲ್ಲ, ತೀರ ಈಚೆಗೆ, 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಉಂಡ ಪ್ರಾಣಿಯಲ್ಲವೇ! ಅಲರ್ಜಿಯಿದೆಯೆಂದು ವೈದ್ಯರು ಹೇಳದ ಹೊರತು ಧಾನ್ಯಕ್ಕೆ ಹೆದರಬೇಕಾದುದಿಲ್ಲ.

ಮರಿಯ ಎಲುಬಿನ ಮಾತು

ತಪ್ಪು ಆಯ್ಕೆಯ ಬೆಲೆ ಹೆಚ್ಚಾಗಿ ತೆರುವುದು ಅಲ್ಸೇಶಿಯನ್, ಲ್ಯಾಬ್ರಡಾರ್, ಗ್ರೇಟ್ ಡೇನ್‌ಗಳಂತಹ ದೊಡ್ಡ ತಳಿಯ ಮರಿಗಳು. ಎಲುಬು ಗಟ್ಟಿಯಾಗಲೆಂದು ಸಂಪೂರ್ಣ ಆಹಾರದ ಜೊತೆಗೆ ಸುಣ್ಣದಂಶದ ಟಾನಿಕ್ಕನ್ನೂ ಕುಡಿಸುವವರುಂಟು. ಆದರೆ ಎಳೆಯ ಮರಿಯ ಕರುಳಿಗೆ ಹೆಚ್ಚಾದ ಸುಣ್ಣದಂಶವನ್ನು ತಡೆಯುವ ಶಕ್ತಿ ಸಾಲದು. ಎಲುಬು, ಕೀಲುಗಳ ಬೆಳವಣಿಗೆಯೇ ಕೆಡಬಹುದು. ಪ್ರೀತಿಯಿಂದ ಕೊಟ್ಟುದೇ ಕುಂಟಿಗೆ ಕಾರಣವಾಗುವುದೆಂದರೆ ಇದೇ. ಇಂತಹ ಮರಿಗಳಿಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರವನ್ನು ಕೊಟ್ಟು, ವೈದ್ಯರು ಹೇಳದೆ ಬೇರೇನನ್ನೂ ಸೇರಿಸದಿರುವುದು ಕ್ಷೇಮ.

ಎಷ್ಟು, ಹೇಗೆ?

ಹತ್ತು ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ನೂರು ಗ್ರಾಮಿಗೆ 350 ಕ್ಯಾಲೊರಿ ಇರುವ ಆಹಾರವಾದರೆ 170 ಗ್ರಾಂ. ಎರಡು ಹೊತ್ತಿಗೆ ಹಂಚಿದರಾಯಿತು. ಪಕ್ಕೆಯ ಮೇಲೆ ಅಂಗೈಯಾಡಿಸಿದಾಗ ಎಲುಬು ಸುಲಭವಾಗಿ ಕೈಗೆ ಸಿಗಬೇಕು. ನಮ್ಮ ಮುಧೋಳದ ನಾಯಿ ಹುಟ್ಟಿನಿಂದಲೇ ತೆಳುಮೈಯದು. ನೆರೆಮನೆಯ ಲ್ಯಾಬ್ರಡಾರನ್ನು ನೋಡಿ ಅದನ್ನು ಕೊಬ್ಬಿಸಹೊರಡುವುದು ಅನ್ಯಾಯ.

ಹೊಸ ಆಹಾರವನ್ನು ಹಳೆಯದರೊಡನೆ ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಿಸಬೇಕು. ಬಳಿಯಲ್ಲಿ ಸದಾ ನೀರಿರಬೇಕು. ಮಳೆಗಾಲದಲ್ಲಿ ದೊಡ್ಡ ಚೀಲದ ಅಗ್ಗಕ್ಕೆ ಆಸೆಪಡದೆ ಚಿಕ್ಕದನ್ನೇ ಕೊಂಡು, ಬಾಯಿ ಬಿಗಿದು ತಂಪಾದೆಡೆ ಇಡಬೇಕು. ಬೂಷ್ಟು ಹಿಡಿದುದನ್ನು ಎಸೆಯಲೇಬೇಕು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಬೂಷ್ಟಿನ ವಿಷ ಸೇರಿದ್ದ ಒಣ ಆಹಾರವನ್ನು ತಿಂದು ಹತ್ತಾರು ನಾಯಿಗಳು ಸತ್ತವು.

ಅಜ್ಜಿಯ ಮೊಸರನ್ನ ವಿಷವೇನೂ ಅಲ್ಲ. ಆದರೆ ಅದೊಂದರಿಂದಲೇ ನಾಯಿಯ ಮೈ ತುಂಬದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟುಗಳನ್ನು ಮಾತ್ರ ತೋರಿಸಲೂ ಬಾರದು. ಹೊಸ ಆಹಾರ ಒಗ್ಗಿತೋ ಇಲ್ಲವೋ ಎಂಬುದನ್ನು ಒಂದೆರಡು ತಿಂಗಳಲ್ಲಿ ಕೂದಲಿನ ಹೊಳಪು, ಮಲದ ಗಟ್ಟಿತನ, ಮೈಯ ತೂಕ ಈ ಮೂರರಿಂದ ತಿಳಿಯಬಹುದು. ಇವುಗಳಲ್ಲಿ ಯಾವುದು ಕೆಟ್ಟರೂ ಮತ್ತೊಂದು ಚೀಲವನ್ನು ಕೊಳ್ಳುವ ಮೊದಲು ಪಶುವೈದ್ಯರನ್ನು ಕಾಣುವುದು ಲೇಸು.