ತೆಳುಗಾಳಿಯ ಲೆಕ್ಕ: ಟರ್ಬೊ ಹಿಮವಾಹನಗಳ ಎಂಜಿನ್ ಹದಗೊಳಿಸುವ ಕಸುಬು

ಸಮುದ್ರಮಟ್ಟದಲ್ಲಿ 165 ಅಶ್ವಶಕ್ತಿ ಕೊಡುವ ಎಂಜಿನ್ನನ್ನು 3000 ಮೀಟರ್ ಎತ್ತರಕ್ಕೆ ಒಯ್ದು ಓಡಿಸಿದರೆ, ಅದರಲ್ಲಿ ಯಾವ ದೋಷ ಇಲ್ಲದಿದ್ದರೂ, ಸಿಗುವುದು 115ರಿಂದ 120 ಅಶ್ವಶಕ್ತಿ ಮಾತ್ರ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕೆಳಗಿನದರ ಸುಮಾರು ಶೇ 70ಕ್ಕೆ ಇಳಿದಿರುವುದರಿಂದ ಪ್ರತಿ ಸುತ್ತಿನಲ್ಲಿಯೂ ಸಿಲಿಂಡರಿನೊಳಗೆ ಸೇರುವ ಆಮ್ಲಜನಕ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. 300 ಮೀಟರ್ ಏರಿದರೆ ಶೇ 3ರಷ್ಟು ಶಕ್ತಿ ಹೋಯಿತು ಎಂಬುದು ಈ ಕಸುಬಿನವರ ಬಾಯಿಲೆಕ್ಕ. ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ, ಮೊಂಟಾನಾದ ಕುಕ್ ಸಿಟಿ, ವಯೋಮಿಂಗ್‌ನ ಜಾಕ್ಸನ್ ಮುಂತಾದ ಊರುಗಳ ಸುತ್ತಮುತ್ತ, ಎದೆಮಟ್ಟದ ಪುಡಿಹಿಮದಲ್ಲಿ ಕಡಿದಾದ ಏರನ್ನು ಹತ್ತುವ ಹಿಮವಾಹನಗಳಿಗೆ ಟರ್ಬೊ ಜೋಡಿಸುವ ಹವ್ಯಾಸ ಬೆಳೆದದ್ದು ಈ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿಯೇ ಹೊರತು ಬರಿಯ ವೇಗದ ಹುಚ್ಚಿನಿಂದಲ್ಲ. ಹಾಗೆ ಜೋಡಿಸಿದ ಎಂಜಿನ್ ಒಡೆಯದಂತೆ, ಸೀಜ್ ಆಗದಂತೆ, ಬೆಲ್ಟ್ ಸುಡದಂತೆ ನೋಡಿಕೊಳ್ಳುವುದು ಇಂದು ಅಲ್ಲಿ ಒಂದು ಪ್ರತ್ಯೇಕ ಕಸುಬಾಗಿಯೇ ನಿಂತಿದೆ.

ಹಿಮವಾಹನ ಎಂದರೆ ಮುಂದೆ ತಿರುಗಿಸಲು ಎರಡು ಸ್ಕೀ ಹಲಗೆಗಳು, ಹಿಂದೆ ಚಕ್ರಗಳ ಬದಲು ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ನಡುವೆ ಎಂಜಿನ್ ಮತ್ತು ಸವಾರನ ಆಸನ ಇರುವ ಗಾಡಿ; ಸವಾರರು ಇದನ್ನು ಸ್ಲೆಡ್ ಎಂದೇ ಕರೆಯುತ್ತಾರೆ. ಇದರ ಚರಿತ್ರೆಯಲ್ಲಿ ಮೊದಲು ನಿಲ್ಲುವ ಹೆಸರು ಕೆನಡಾದ ಕ್ವೆಬೆಕ್ ಪ್ರಾಂತದ ವಾಲ್ಕೋರ್ಟ್ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಅವರದು. 1934ರ ಚಳಿಗಾಲದಲ್ಲಿ ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಎಳೆಯ ಮಗನನ್ನು ಕಳೆದುಕೊಂಡ ಅವರು 1937ರಲ್ಲಿ ಪಟ್ಟಿಯನ್ನು ಓಡಿಸುವ ಹಲ್ಲುಚಕ್ರದ ವ್ಯವಸ್ಥೆಗೆ ಪೇಟೆಂಟ್ ಪಡೆದರು, 1959ರಲ್ಲಿ ಸ್ಕೀ-ಡೂ ಎಂಬ ಹಗುರ ಗಾಡಿಯನ್ನು ಮಾರುಕಟ್ಟೆಗೆ ತಂದರು. ಅದಕ್ಕೂ ಮೊದಲೇ, 1954ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ರೋಸೋ ಎಂಬ ಪುಟ್ಟ ಊರಿನಲ್ಲಿ ಪೊಲಾರಿಸ್ ಎಂಬ ಹಿಮವಾಹನ ಕಂಪನಿ ಹುಟ್ಟಿಕೊಂಡಿತ್ತು. ಊರಿಂದೂರಿಗೆ ಹೋಗುವುದಕ್ಕೆಂದು ಹುಟ್ಟಿದ ಗಾಡಿ ಕ್ರಮೇಣ ಆಟದ ವಸ್ತುವಾಯಿತು, ಆಟ ಬೆಟ್ಟ ಹತ್ತಿತು, ಅಲ್ಲಿ ಗಾಳಿ ಸಾಲದಾಯಿತು.

ಟರ್ಬೊ ಹೊಸದೇನಲ್ಲ. ಎಂಜಿನ್ ಹೊರಗೆ ಚೆಲ್ಲುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಪೇಟೆಂಟ್ ಪಡೆದದ್ದು 1905ರಲ್ಲಿ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಡೀಸೆಲ್ ಕಾರು, ಲಾರಿಗಳಲ್ಲಿ ಅದು ಸಾಮಾನ್ಯ. ಆದರೆ ಬೆಟ್ಟದ ಹಿಮವಾಹನಗಳಲ್ಲಿ ಹೆಚ್ಚಿನವು ಇಂದಿಗೂ ಹಗುರವಾದ ಟೂ-ಸ್ಟ್ರೋಕ್ ಎಂಜಿನ್ನಿನವು, ತೊಡಕು ಇರುವುದೂ ಅಲ್ಲಿಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನು ಬಿಚ್ಚಿ ಜೋಡಿಸಿದ ಯಾವುದೇ ಮೆಕ್ಯಾನಿಕ್ ಬಲ್ಲಂತೆ, ಟೂ-ಸ್ಟ್ರೋಕಿನಲ್ಲಿ ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳಿರುತ್ತವೆ. ಹೊಸ ಮಿಶ್ರಣ ಒಳಬರುವ ಕಿಂಡಿಯೂ ಹೊಗೆ ಹೊರಹೋಗುವ ಕಿಂಡಿಯೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುವುದರಿಂದ, ಒತ್ತಿ ತುಂಬಿದ ಗಾಳಿ ಕೆಲಸಕ್ಕೆ ಬರುವ ಮೊದಲೇ ಹೊರಗೆ ಹರಿದುಹೋಗಬಹುದು. ಇದನ್ನು ತಡೆಯುವುದು ಟ್ಯೂನ್ಡ್ ಪೈಪ್, ಅಂದರೆ ನಡುವೆ ಉಬ್ಬಿ ಕೊನೆಯಲ್ಲಿ ಮತ್ತೆ ಕಿರಿದಾಗುವ ಹೊಗೆಕೊಳವೆ. ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಹದಕ್ಕೆ ತಂದ ಈ ಕೊಳವೆಯೊಳಗೆ ಒತ್ತಡದ ಅಲೆ ಕಿರಿದಾದ ತುದಿಗೆ ಬಡಿದು ಹಿಂದಿರುಗಿ, ಹೊರಬಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಸಿಲಿಂಡರಿಗೆ ಮರಳಿ ನೂಕುತ್ತದೆ. ಆದ್ದರಿಂದ ಟೂ-ಸ್ಟ್ರೋಕ್ ಸ್ಲೆಡ್‌ನಲ್ಲಿ ಟರ್ಬೊ ಈ ಕೊಳವೆಯ ನಂತರ ಕೂರಬೇಕು; ಮೊದಲೇ ಕೂರಿಸಿದರೆ ಅಲೆಯ ಲೆಕ್ಕವೇ ಕೆಡುತ್ತದೆ.

ಈ ಕಾರಣದಿಂದಲೇ ಬಹುಕಾಲ ಟೂ-ಸ್ಟ್ರೋಕ್ ಟರ್ಬೊ ಎಂಬುದು ಖಾಸಗಿ ಗ್ಯಾರೇಜುಗಳ ಕೈಕೆಲಸವಾಗಿತ್ತು. ಗಾಡಿ ಒಬ್ಬರದು, ಟರ್ಬೊ ಇನ್ನೊಬ್ಬರದು, ಇಂಧನ ಹೊಂದಿಸುವ ಪೆಟ್ಟಿಗೆ ಮತ್ತೊಬ್ಬರದು, ಮೂರನ್ನೂ ಒಂದು ಹಾದಿಗೆ ತರುವ ತಲೆನೋವು ಮೆಕ್ಯಾನಿಕ್‌ನದು. ನಾಲ್ಕು ಸ್ಟ್ರೋಕಿನ ಗಾಡಿಗಳಲ್ಲಿ ಟರ್ಬೊ ಮೊದಲೇ ಕಾರ್ಖಾನೆಯಿಂದ ಬರುತ್ತಿತ್ತು. 2017ರ ಮಾದರಿಯಾಗಿ ಬಂದ ಯಮಾಹಾ ಸೈಡ್‌ವೈಂಡರ್‌ನ 998 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಅವುಗಳಲ್ಲಿ ಹೆಸರುವಾಸಿ. ಟೂ-ಸ್ಟ್ರೋಕಿಗೆ ಕಾರ್ಖಾನೆಯೇ ಟರ್ಬೊ ಜೋಡಿಸಿ ಕೊಟ್ಟದ್ದು ಸ್ಕೀ-ಡೂನ 2020ರ ಮಾದರಿಯಲ್ಲಿ. ಆಸ್ಟ್ರಿಯಾದ ರೋಟಾಕ್ಸ್ ತಯಾರಿಸಿದ ಆ 850 ಇ-ಟೆಕ್ ಎಂಜಿನ್ 165 ಅಶ್ವಶಕ್ತಿಯನ್ನು 8000 ಅಡಿ, ಎಂದರೆ ಸುಮಾರು 2400 ಮೀಟರ್‌ವರೆಗೂ ಕಾಯ್ದುಕೊಳ್ಳುತ್ತದೆ ಎಂದು ಕಂಪನಿ ಹೇಳಿತು. ಈ ಹೇಳಿಕೆಯ ಧಾಟಿಯನ್ನು ಗಮನಿಸಬೇಕು: ಶಕ್ತಿ ಹೆಚ್ಚುತ್ತದೆ ಎಂದಲ್ಲ, ಇದ್ದದ್ದು ಕಡಿಮೆಯಾಗುವುದಿಲ್ಲ ಎಂದು. ಪೊಲಾರಿಸ್‌ನ ಟರ್ಬೊ ಎಂಜಿನ್ ಪೇಟ್ರಿಯಟ್ ಬೂಸ್ಟ್ ಎರಡು ವರ್ಷಗಳ ನಂತರ ಬಂದಿತು.

ಟರ್ಬೊ ತುಂಬುವ ಹೆಚ್ಚುವರಿ ಒತ್ತಡವನ್ನು ಬೂಸ್ಟ್ ಎನ್ನುತ್ತಾರೆ. ಅದರ ಅಳತೆ, ಟೈರಿಗೆ ಗಾಳಿ ಹಾಕಿಸುವಾಗ ನಾವು ಹೇಳುವ ಅದೇ ಪೌಂಡ್. ಹೊಸಬರು ಎಡವುವುದು ಇಲ್ಲಿ. 3000 ಮೀಟರ್ ಎತ್ತರದಲ್ಲಿ ಗೇಜು ನಾಲ್ಕೂವರೆ ಪೌಂಡ್ ತೋರಿಸಿದರೆ ಎಂಜಿನ್‌ಗೆ ಸಿಕ್ಕಿರುವುದು ಸಮುದ್ರಮಟ್ಟದ ಸಹಜ ಗಾಳಿ ಮಾತ್ರ, ಏಕೆಂದರೆ ಬೆಟ್ಟ ಕಿತ್ತುಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ ಪೌಂಡ್. ಅದೇ ನಾಲ್ಕೂವರೆ ಪೌಂಡನ್ನು ಬಯಲಿನಲ್ಲಿ ಕೊಟ್ಟರೆ ಎಂಜಿನ್ ಎಂದೂ ಕಾಣದ, ಶೇ 30ರಷ್ಟು ಹೆಚ್ಚಿನ ಒತ್ತಡ ಅದರ ಮೇಲೆ ಬೀಳುತ್ತದೆ. ಕಾರ್ಖಾನೆಯ ಗಾಡಿಗಳಲ್ಲಿ ಸುತ್ತಣ ಒತ್ತಡವನ್ನು ಅಳೆಯುವ ಸೆನ್ಸರ್ ಇದ್ದು, ಹೊಗೆಯ ಒಂದು ಪಾಲನ್ನು ಟರ್ಬೊ ಚಕ್ರಕ್ಕೆ ತಗಲದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲನ್ನು ಕಂಪ್ಯೂಟರ್ ತಾನೇ ಸರಿಹೊಂದಿಸುತ್ತದೆ. ಬರಿಯ ಸ್ಪ್ರಿಂಗ್ ನಂಬಿದ, ಹೊರಗಿನಿಂದ ಕೊಂಡು ಜೋಡಿಸುವ ಹಳೆಯ ಟರ್ಬೊ ಕಿಟ್‌ಗಳಲ್ಲಿ ಬೆಟ್ಟದಿಂದ ಇಳಿದು ಬಂದ ಗಾಡಿಯನ್ನು ಅದೇ ಹೊಂದಾಣಿಕೆಯಲ್ಲಿ ಬಯಲಿನ ಸರೋವರದ ಮೇಲೆ ಪೂರ್ತಿ ಎಳೆದವರು ಪಿಸ್ಟನ್ನಿಗೆ ತೂತು ಮಾಡಿಕೊಂಡೇ ಪಾಠ ಕಲಿಯಬೇಕಾಗುತ್ತಿತ್ತು.

ಹೆಚ್ಚು ಗಾಳಿ ಕೊಟ್ಟ ಮೇಲೆ ಹೆಚ್ಚು ಪೆಟ್ರೋಲನ್ನೂ ಕೊಡಬೇಕು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕೆಂಬುದು ರಸಾಯನಶಾಸ್ತ್ರದ ಲೆಕ್ಕವಾದರೂ, ಬೂಸ್ಟ್ ಇರುವಾಗ ಟ್ಯೂನರ್‌ಗಳು 12 ಪಾಲಿನ ಆಸುಪಾಸಿನಲ್ಲಿಯೇ ಇರಿಸಿಕೊಳ್ಳುತ್ತಾರೆ. ಹಾಗೆ ಮಿಗುವ ಪೆಟ್ರೋಲ್ ಸಿಲಿಂಡರಿನೊಳಗಿನ ಕಾವನ್ನು ತಗ್ಗಿಸುತ್ತದೆ. ಪೆಟ್ರೋಲ್ ಕಡಿಮೆಯಾದ ಸ್ಥಿತಿ, ಕಸುಬಿನ ಮಾತಿನಲ್ಲಿ ಲೀನ್, ಟೂ-ಸ್ಟ್ರೋಕಿಗೆ ತುಂಬ ಅಪಾಯಕಾರಿ. ಉರಿ ಸಮನಾಗಿ ಹರಡುವ ಬದಲು ಉಳಿದ ಮಿಶ್ರಣ ಒತ್ತಡ, ಕಾವುಗಳಿಗೆ ತಾನಾಗಿ ಸಿಡಿಯುವ ನಾಕಿಂಗ್ ಕಾಣಿಸಿಕೊಂಡರೆ ಪಿಸ್ಟನ್ನಿನ ಅಂಚು ಕೆಲವೇ ಕ್ಷಣಗಳಲ್ಲಿ ಸವೆದುಹೋಗಬಹುದು. ಸಿಡಿತವನ್ನು ತಡೆಯುವ ಇಂಧನದ ಗುಣಕ್ಕೆ ಆಕ್ಟೇನ್ ಅಂಕಿ ಅಳತೆಗೋಲು. ಅಮೆರಿಕದ ಬಂಕುಗಳಲ್ಲಿ ಎರಡು ಪರೀಕ್ಷಾ ವಿಧಾನಗಳ ಸರಾಸರಿಯನ್ನು ಬರೆಯುವುದರಿಂದ ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95ಕ್ಕೆ ಸಮ ಎಂಬುದನ್ನು ಇಲ್ಲಿಂದ ಹೋದವರು ತಿಳಿದಿರುವುದು ಒಳ್ಳೆಯದು. ಬೂಸ್ಟ್ ಇನ್ನೂ ಏರಿಸುವವರು ರೇಸ್ ಇಂಧನಕ್ಕೋ, ಸಣ್ಣ ವಿಮಾನಗಳ ಸೀಸ ಬೆರೆತ ಪೆಟ್ರೋಲಿಗೋ ಕೈಹಾಕುತ್ತಾರೆ. ಸೀಸವಾದರೋ ಹೊಗೆಕೊಳವೆಯಲ್ಲಿ ಮಿಶ್ರಣವನ್ನು ಅಳೆಯಲೆಂದು ಕೂರಿಸಿದ ಆಮ್ಲಜನಕ ಸೆನ್ಸರನ್ನೇ ಕೆಡಿಸುತ್ತದೆ.

ಕಂಪ್ಯೂಟರ್ ಪರದೆಯ ಅಂಕಿಗಳಷ್ಟೇ ಮುಖ್ಯವಾದ ಸಾಕ್ಷಿಯನ್ನು ಅನುಭವಿಗಳು ಸ್ಪಾರ್ಕ್ ಪ್ಲಗ್‌ನಲ್ಲಿ ಓದುತ್ತಾರೆ. ಪೂರ್ತಿ ಎಳೆತದಲ್ಲಿರುವಾಗಲೇ ಎಂಜಿನ್ ಆರಿಸಿ ನಿಂತು, ಪ್ಲಗ್ ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿದಾಗ ಪಿಂಗಾಣಿಯ ಬುಡದಲ್ಲಿ ತಿಳಿಕಂದು ಉಂಗುರ ಕಂಡರೆ ಮಿಶ್ರಣ ಸರಿಯಿದೆ, ಮಸಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಳಿಚಿಕೊಂಡಿದ್ದರೆ ಕಡಿಮೆಯಾಗಿದೆ. ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಕರಿಚುಕ್ಕೆಗಳೋ ಮಿರುಗುವ ಅಲ್ಯುಮಿನಿಯಂ ಕಣಗಳೋ ಇದ್ದರೆ ನಾಕಿಂಗ್ ಆಗಿದೆ, ಪಿಸ್ಟನ್ನಿನ ಲೋಹವೇ ಉದುರತೊಡಗಿದೆ. ಆ ಮೇಲೆ ಬೂಸ್ಟ್ ಇಳಿಸದೆ ಇನ್ನೊಂದು ಏರು ಹತ್ತುವುದು ಮೂರ್ಖತನ.

ಆದರೂ ಬೂಸ್ಟ್ ಮತ್ತು ಇಂಧನ ಈ ಕಸುಬಿನ ಅರ್ಧ ಮಾತ್ರ, ಮಿಕ್ಕರ್ಧ ಕ್ಲಚ್. ಹಿಮವಾಹನಕ್ಕೆ ಗೇರುಗಳಿಲ್ಲ; ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವಂತೆಯೇ ಎರಡು ಪುಲ್ಲಿಗಳು, ಅವುಗಳ ನಡುವೆ ಒಂದು ರಬ್ಬರ್ ಬೆಲ್ಟ್. ಎಂಜಿನ್ ಬದಿಯ ಪುಲ್ಲಿಯೊಳಗಿನ ತೂಕದ ತುಂಡುಗಳು ವೇಗಕ್ಕೆ ಹೊರಚಿಮ್ಮಿ ತಟ್ಟೆಗಳನ್ನು ಒತ್ತುತ್ತವೆ, ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಪಟ್ಟಿಯ ಬದಿಯ ಪುಲ್ಲಿಯಲ್ಲಿ ಹೀಲಿಕ್ಸ್ ಎಂಬ ಸುರುಳಿಯಾದ ಇಳಿಜಾರು ಆ ಪುಲ್ಲಿ ಎಷ್ಟು ಬೇಗ ತೆರೆದುಕೊಳ್ಳಬೇಕೆಂದು ನಿರ್ಧರಿಸುತ್ತದೆ. ಇವೆಲ್ಲದರ ಉದ್ದೇಶ ಒಂದೇ: ಏರು ಎಷ್ಟೇ ಕಡಿದಾಗಲಿ, ಹಿಮ ಎಷ್ಟೇ ಆಳವಾಗಲಿ, ಎಂಜಿನ್ ತನ್ನ ಗರಿಷ್ಠ ಶಕ್ತಿಯ ವೇಗದಲ್ಲಿಯೇ, ಈಗಿನ 850 ಸಿಸಿ ಟೂ-ಸ್ಟ್ರೋಕುಗಳಲ್ಲಿ ನಿಮಿಷಕ್ಕೆ 8000 ಸುತ್ತುಗಳ ಆಸುಪಾಸಿನಲ್ಲಿ, ನಿಲ್ಲಬೇಕು. ತೂಕ ಹೆಚ್ಚಾದರೆ ಎಂಜಿನ್ ಉಸಿರುಗಟ್ಟಿ ಸುತ್ತು ಕಳೆದುಕೊಳ್ಳುತ್ತದೆ, ಕಡಿಮೆಯಾದರೆ ಸುತ್ತು ಮಿತಿಮೀರುತ್ತದೆ, ಬೆಲ್ಟ್ ಜಾರುತ್ತದೆ; ಒಂದೆರಡು ಗ್ರಾಂ ಬದಲಿಸಿದರೆ ಸಾಕು, ವ್ಯತ್ಯಾಸ ನೂರಾರು ಸುತ್ತುಗಳಷ್ಟಾಗುತ್ತದೆ. ಟರ್ಬೊ ಇದ್ದರೆ ಎತ್ತರಕ್ಕೆ ತಕ್ಕಂತೆ ತೂಕ ಬದಲಿಸುವ ಹಳೆಯ ಕಟ್ಟುಪಾಡು ಸಡಿಲಾಗುತ್ತದೆ, ಆದರೆ ಬೂಸ್ಟ್ ಏರಿ ಶಕ್ತಿ ಒಮ್ಮೆಲೇ ನುಗ್ಗುವ ಘಳಿಗೆಯನ್ನು ಬೆಲ್ಟ್ ತಡೆದುಕೊಳ್ಳಬೇಕಾಗುತ್ತದೆ. ಇದರ ಜೊತೆಗೆ ಟ್ಯೂನ್ಡ್ ಪೈಪಿನದೂ ಒಂದು ಕಿತಾಪತಿ ಇದೆ: ಕೊಳವೆ ಕಾದಷ್ಟೂ ಒಳಗಿನ ಅಲೆಯ ವೇಗ ಹೆಚ್ಚಿ ಗರಿಷ್ಠ ಶಕ್ತಿಯ ಸುತ್ತು ಮೇಲೆ ಸರಿಯುತ್ತದೆ, ತಣ್ಣಗಿದ್ದರೆ ಕೆಳಗೆ, ಹೀಗಾಗಿ ಉದ್ದನೆಯ ಇಳಿಜಾರು ಇಳಿದು ಬಂದ ಕೂಡಲೇ ಏರಿಗೆ ನುಗ್ಗಿಸಿ ಕ್ಲಚ್ ಸರಿಯಿಲ್ಲವೆಂದು ದೂರುವವರ ಗಾಡಿಯಲ್ಲಿ ಹಲವು ಬಾರಿ ಯಾವ ದೋಷವೂ ಇರುವುದಿಲ್ಲ. ಒಳ್ಳೆಯ ಮೆಕ್ಯಾನಿಕ್ ಏರು ಹತ್ತಿಸಿದ ಮರುಕ್ಷಣ ಮುಚ್ಚಳ ತೆಗೆದು ಎರಡೂ ಪುಲ್ಲಿಗಳ ಬಿಸಿಯನ್ನು ಅಳೆಯುತ್ತಾನೆ. ಯಾವುದು ಹೆಚ್ಚು ಕಾದಿದೆಯೋ ಬೆಲ್ಟ್ ಜಾರುತ್ತಿರುವುದು ಬಹುಮಟ್ಟಿಗೆ ಅಲ್ಲಿಯೇ. ಹೊಸ ಬೆಲ್ಟನ್ನು ಮೊದಲ 50 ಕಿಲೋಮೀಟರ್ ಮೆಲ್ಲಗೆ ಓಡಿಸಿ ಪಳಗಿಸುವುದೂ, ಪುಲ್ಲಿಗಳ ಮೇಲಿನ ರಬ್ಬರ್ ಧೂಳನ್ನು ಆಗಾಗ ಒರೆಸುವುದೂ ದುಬಾರಿ ಬಿಡಿಭಾಗಗಳಿಗಿಂತ ಹೆಚ್ಚು ಫಲ ಕೊಡುತ್ತವೆ.

ಹಿಮದಲ್ಲಿ ಓಡುವ ಗಾಡಿಗೆ ಬಿಸಿಯ ತೊಂದರೆ ಎಂದರೆ ವಿಚಿತ್ರವಾಗಿ ಕಾಣಬಹುದು. ಆದರೆ ಇದಕ್ಕೆ ಸಾಮಾನ್ಯವಾಗಿ ಕಾರಿನಂಥ ದೊಡ್ಡ ರೇಡಿಯೇಟರ್ ಇರುವುದಿಲ್ಲ. ಪಟ್ಟಿ ಎರಚುವ ಹಿಮ ಅದರ ಮೇಲ್ಗಡೆಯ ಲೋಹದ ಸುರಂಗಕ್ಕೆ ತಾಗಿ, ಅಲ್ಲಿ ಹರಿಯುವ ಕೂಲಂಟನ್ನು ತಣಿಸುತ್ತದೆ. ಗಟ್ಟಿ ಮಂಜುಗಡ್ಡೆಯ ದಾರಿಯಲ್ಲಿ ಹಿಮ ಚಿಮ್ಮದೆ ಎಂಜಿನ್ ಕಾಯುತ್ತದೆ. ಅದಕ್ಕೆಂದೇ ನೆಲವನ್ನು ಕೆರೆದು ಹಿಮದ ಪುಡಿ ಎಬ್ಬಿಸುವ ಉಕ್ಕಿನ ಕಡ್ಡಿಗಳನ್ನು ಇಳಿಬಿಡುತ್ತಾರೆ. ಇದಕ್ಕೆ ತದ್ವಿರುದ್ಧವಾದದ್ದು ತಣ್ಣನೆಯ ಸೀಜ್: ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದ ತಕ್ಷಣ ಎಳೆದರೆ ಪಿಸ್ಟನ್ ಬೇಗ ಕಾದು ಹಿಗ್ಗುತ್ತದೆ, ತಣ್ಣನೆಯ ಕೂಲಂಟ್ ಸುತ್ತುವರಿದ ಸಿಲಿಂಡರ್ ಹಿಗ್ಗುವುದಿಲ್ಲ, ಎರಡೂ ಕಚ್ಚಿಕೊಳ್ಳುತ್ತವೆ. ಓಟ ಮುಗಿದ ಮೇಲೆಯೂ ಅವಸರ ಸಲ್ಲದು; ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿದ ಟರ್ಬೊ ದಂಡಿನ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಿಕಟ್ಟದಿರಲು ಎಂಜಿನ್ನನ್ನು ತುಸು ಹೊತ್ತು ಮಂದವಾಗಿ ಓಡಲು ಬಿಟ್ಟು ಆರಿಸಬೇಕು.

ನಿರ್ವಹಣೆಯಲ್ಲಿ ಉಳಿದದ್ದು ಬಹುಪಾಲು ಸೋರಿಕೆಯ ಬೇಟೆ. ಹೊಗೆಕೊಳವೆಯ ಕೀಲುಗಳ ಸ್ಪ್ರಿಂಗ್ ಕಳಚಿದರೆ ಟರ್ಬೊಗೆ ತಲುಪಬೇಕಾದ ಹೊಗೆ ದಾರಿಯಲ್ಲೇ ಸೋರಿ ಬೂಸ್ಟ್ ಬೀಳುತ್ತದೆ. ಗಾಳಿ ಒಯ್ಯುವ ರಬ್ಬರ್ ಕೊಳವೆಯ ಬಿರುಕು, ಕ್ರ್ಯಾಂಕಿನ ತುದಿಯ ಸೀಲಿನ ಸವಕಳಿ ಮಿಶ್ರಣವನ್ನು ಗುಟ್ಟಾಗಿ ಕೆಡಿಸುತ್ತವೆ. ಹಿಮ ಕರಗಿದ ಮೇಲೆ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸುವಾಗ ಸಿಲಿಂಡರಿನೊಳಗೆ ತುಕ್ಕುನಿರೋಧಕ ಎಣ್ಣೆಯ ತುಂತುರು ಬಿಡುತ್ತಾರೆ, ಪೆಟ್ರೋಲಿಗೆ ಕೆಡದಂಥ ದ್ರಾವಣ ಬೆರೆಸುತ್ತಾರೆ, ಗಾಳಿಯ ಬಾಯಿಯನ್ನೂ ಹೊಗೆಯ ಬಾಯಿಯನ್ನೂ ಬಟ್ಟೆ ತುರುಕಿ ಮುಚ್ಚುತ್ತಾರೆ. ಮುಚ್ಚದಿದ್ದರೆ ಇಲಿ ಗೂಡು ಕಟ್ಟುತ್ತದೆ, ಮುಂದಿನ ಚಳಿಗಾಲದ ಮೊದಲ ಎಳೆತಕ್ಕೆ ಆ ಗೂಡಿನ ಕಸವೆಲ್ಲ ಟರ್ಬೊದ ಚಕ್ರದತ್ತ ಹೋಗುತ್ತದೆ. ತುರುಕಿದ ಬಟ್ಟೆಯನ್ನು ತೆಗೆಯಲು ಮರೆತವರೂ ಇಲ್ಲದಿಲ್ಲ.

ಹೊರಗಿನ ಕಿಟ್ ಜೋಡಿಸಿದರೆ ಕಂಪನಿಯ ವಾರಂಟಿಗೆ ಕುತ್ತು. ಹೊಗೆಯ ಮಾಲಿನ್ಯ ತಡೆಯುವ ಭಾಗಗಳನ್ನು ಬದಲಿಸುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಗೂ ವಿರುದ್ಧವಾದ್ದರಿಂದ ಹಲವು ಕಿಟ್‌ಗಳನ್ನು ಸ್ಪರ್ಧೆಗೆ ಮಾತ್ರ ಎಂಬ ಒಕ್ಕಣೆಯೊಂದಿಗೆ ಮಾರುತ್ತಾರೆ. ಹಿಂದೆ ಹತ್ತಲಾಗದಿದ್ದ ಏರುಗಳನ್ನು ಈಗ ಟರ್ಬೊ ಹತ್ತಿಸುತ್ತದೆ, ಹಿಮಕುಸಿತ ಕಾದಿರುವುದೂ ಅಂಥ ಏರುಗಳಲ್ಲಿಯೇ. ಮಿನೆಸೋಟ, ಒಂಟಾರಿಯೊ, ಕ್ವೆಬೆಕ್‌ಗಳ ತಗ್ಗು ಪ್ರದೇಶದ ದಾರಿಗಳಲ್ಲಿ ವಾರಾಂತ್ಯದ ಸವಾರಿಗೆಂದು ಗಾಡಿ ಕೊಳ್ಳುವವರಿಗೆ, ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿ, ಟರ್ಬೊ ಇಲ್ಲದ ಎಂಜಿನ್ ಧಾರಾಳ ಸಾಕು. ಹೆಚ್ಚಿನ ಬೆಲೆಗೂ ಇಷ್ಟೆಲ್ಲ ಆರೈಕೆಗೂ ತಕ್ಕ ಪ್ರತಿಫಲ ಸಿಗುವುದು 2000 ಮೀಟರ್ ದಾಟಿದ ಮೇಲೆಯೇ.