ನೀರಿನೊಳಗಿನ ಸೇತುವೆ, ಗಾಜಿನ ಮೇಲಿನ ಹೊಳಪು



ಪ್ರತಿಬಿಂಬ ಎಂಬ ಶಬ್ದವನ್ನು ನಾವು ಗಡಿಭಾಗದವರು ಎರಡು ಸಾರಿ ಕಲಿಯಬೇಕಾಗಿಲ್ಲ. ಕನ್ನಡದಲ್ಲಿಯೂ ಅದೇ, ಮರಾಠಿಯಲ್ಲಿಯೂ ಅದೇ. ಆ ಪ್ರತಿಬಿಂಬದ ಫೋಟೋ ತೆಗೆಯುವುದು ಹೇಗೆ, ಬೇಡವಾದ ಕಡೆ ಅದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಇಂದು ನೋಡೋಣ. ನಿಮ್ಮ ಕೈಯಲ್ಲಿ ಮೊಬೈಲ್ ಇದ್ದರೂ ಸಾಕು.

ಮೊದಲು ಸಾಂಗಲಿಯ ಕೃಷ್ಣಾ ತೀರಕ್ಕೆ ಹೋಗೋಣ. ಅಲ್ಲಿ 1929ರಲ್ಲಿ ತೆರೆದ ಆಯರ್ವಿನ್ ಸೇತುವೆ ಇದೆ. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲಿ ಹೊಳೆ ಶಾಂತವಾಗಿದ್ದಾಗ, ಮೇಲಿನ ಕಮಾನು ಮತ್ತು ನೀರಿನೊಳಗಿನ ಕಮಾನು ಕೂಡಿ ತೆರೆದ ಕಣ್ಣಿನಂತೆ ಕಾಣುತ್ತವೆ. ನೇರ ಕೆಳಗೆ ನೋಡಿದರೆ ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಎರಡು ಪಾಲನ್ನು ಮಾತ್ರ ನೀರು ಹಿಂದಕ್ಕೆ ಕೊಡುತ್ತದೆ. ನೋಟ ಓರೆಯಾದಷ್ಟೂ ಆ ಪಾಲು ಹೆಚ್ಚುತ್ತದೆ. ಆದ್ದರಿಂದ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿರಿ. ಆದರೆ ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯಬೇಡಿರಿ. ದಂಡೆಯ ಅಂಚಿಗೆ ಬಾಗುವುದು ಬೇಡ.

ಬಿಂಬವೆಂದರೆ ತಲೆಕೆಳಗಾದ ನಕಲು ಮಾತ್ರವಲ್ಲ. ನಮ್ಮ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದ ನೋಟವದು. ಅದಕ್ಕೇ ದಂಡೆಯ ಮೇಲೆ ನಿಂತವರಿಗೆ ಸರಿಯಾಗಿ ಕಾಣದ ಕಮಾನಿನ ಒಳಮೈ ನೀರಿನಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಮುಖ್ಯ ಮಾತು. ಕನ್ನಡಿಯಿಂದ ಮೂರು ಅಡಿ ದೂರ ನಿಂತರೆ ನಿಮ್ಮ ಬಿಂಬ ನಿಮ್ಮಿಂದ ಆರು ಅಡಿ ದೂರದಲ್ಲಿರುತ್ತದೆ. ಫೋಕಸ್ ಅನ್ನು ಕನ್ನಡಿಯ ಮೈಗೆ ಇಟ್ಟರೆ ಧೂಳು ಸ್ಪಷ್ಟ, ಮುಖ ಮಸುಕು. ಮೊಬೈಲಿನ ಪರದೆಯಲ್ಲಿ ಬಿಂಬದ ಮೇಲೆಯೇ ಬೆರಳು ಒತ್ತಿರಿ. ನೀರಿಗೂ ಅಂಗಡಿಯ ಗಾಜಿಗೂ ಇದೇ ನಿಯಮ.

ಮಿರಜದ ತಂಬೂರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅವುಗಳನ್ನು ಮಾಡುವ ಮನೆತನಗಳ ಹಿರಿಯರು ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದ ಶಿಕಲಗಾರರು. ಪಾಲಿಶ್ ಮಾಡಿದ ಸೋರೆಬುರುಡೆ ಉಬ್ಬುಗನ್ನಡಿಯಂತೆ. ಇಡೀ ಕಿಟಕಿ ಅದರಲ್ಲಿ ಸಣ್ಣ ಬೆಳಕಿನ ಚುಕ್ಕೆಯಾಗಿ, ಮೈಯ ಹಿಂದೆ ತೀರ ಹತ್ತಿರದಲ್ಲಿ ನಿಲ್ಲುತ್ತದೆ. ಇಲ್ಲಿ ಫೋಕಸ್ ಬುರುಡೆಯ ಸಮೀಪವೇ ಇರಲಿ. ಹೊಳಪು ಹೆಚ್ಚಾದರೆ ಕ್ಯಾಮೆರಾಕ್ಕೆ ಪೋಲರೈಸರ್ ಗಾಜು ಹಾಕಿ ತಿರುಗಿಸಿರಿ. ಪಾಲಿಶ್, ನೀರು, ಗಾಜುಗಳ ಓರೆ ಹೊಳಪನ್ನು ಅದು ತಗ್ಗಿಸುತ್ತದೆ. ತಂತಿಯ ಹೊಳಪು ಹಾಗೆಯೇ ಉಳಿಯುತ್ತದೆ, ಏಕೆಂದರೆ ಲೋಹದ ಮೇಲೆ ಅದರ ಆಟ ನಡೆಯುವುದಿಲ್ಲ.

ಈಗ ಮನೆಯ ಮಾತಿಗೆ ಬರೋಣ. ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ಹೊಳೆ 57 ಅಡಿ ದಾಟಿತು. ಅಂಥ ನೆರೆಯಲ್ಲಿ ಗೋಡೆಯ ಮೇಲಿನ ಹಿರಿಯರ ಫೋಟೋಗಳೂ ನೆನೆಯುತ್ತವೆ. ಕಾಗದದ ಮೇಲಿನ ಸರೇಸಿನ ಪದರು ಒಣಗಿ ಚೌಕಟ್ಟಿನ ಗಾಜಿಗೆ ಅಂಟಿಬಿಡುತ್ತದೆ. ಹಾಗೆ ಅಂಟಿದ್ದನ್ನು ಎಂದಿಗೂ ಕೀಳಬೇಡಿರಿ. ಮುಖವೇ ಗಾಜಿನ ಮೇಲೆ ಉಳಿದೀತು. ಗಾಜಿನ ಮೂಲಕವೇ ಅದರ ಪ್ರತಿ ತೆಗೆದುಕೊಳ್ಳಿರಿ.

ಗಾಜಿನ ಹೊರಮೈಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿರಿ. ಬ್ಯಾಂಕಿನ ಖಾತೆಯಲ್ಲಿ ಜಮಾ-ಖರ್ಚು ತಾಳೆಯಾಗುವಂತೆ, ಬೆಳಕು ಬಂದ ಕೋನವೂ ಹೊರಟ ಕೋನವೂ ಸಮವಾಗಿರುತ್ತವೆ. ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ಓರೆಯಾಗಿಯೇ ಆಚೆ ಹೋಗುತ್ತದೆ, ನಿಮ್ಮ ಕ್ಯಾಮೆರಾಕ್ಕೆ ಬರುವುದಿಲ್ಲ. ಫ್ಲಾಶ್ ಆರಿಸಿರಿ. ನಿಮ್ಮ ಬೆನ್ನ ಹಿಂದೆ ಕರಿ ಕಂಬಳಿ ತೂಗುಹಾಕಿರಿ, ಗಾಢ ಬಣ್ಣದ ಅಂಗಿ ತೊಡಿರಿ. ಆಗ ಗಾಜಿಗೆ ತೋರಿಸಲು ಕತ್ತಲೆಯಷ್ಟೇ ಇರುತ್ತದೆ. ಕ್ಯಾಮೆರಾ ಫೋಟೋಕ್ಕೆ ನೇರವಾಗಿರಲಿ. ಫೋಕಸ್ ಅಜ್ಜಿಯ ಕಣ್ಣಿಗಿರಲಿ.

ಮುಂದಿನ ಮಳೆಗಾಲ ಬರುವ ಮೊದಲೇ ಇದನ್ನು ಮಾಡಿರಿ. ಎರಡು ಪ್ರತಿ ಹಾಕಿಸಿ, ಒಂದನ್ನು ಹೊಳೆಯಿಂದ ದೂರವಿರುವ ನೆಂಟರ ಮನೆಯಲ್ಲಿ ಇಡಿರಿ.